ಹಸಿರು ಬೋರ್ಡಿನ ಮೂರಕ್ಷರ

"ಒರೆಸು" ಅಂದ ಮೇಸ್ತ್ರಿ ಬೀಗದಣ್ಣ.

ಅಕ್ಕ ಬಕೆಟ್ಟನ್ನು ಕೆಳಗಿಟ್ಟು ನಿಂತಳು.

ಈ ಕಟ್ಟಡದಲ್ಲಿ ಅವಳು ಹನ್ನೊಂದು ವರ್ಷದಿಂದ ಒರೆಸುತ್ತಿದ್ದಾಳೆ. ನೆಲ ಒರೆಸಿದ್ದಾಳೆ, ಗಾಜು ಒರೆಸಿದ್ದಾಳೆ, ಕಕ್ಕಸು ಒರೆಸಿದ್ದಾಳೆ. ಯಾರೋ ದೊಡ್ಡ ಮನುಷ್ಯರು ಲಿಫ್ಟಿನಲ್ಲಿ ವಾಂತಿ ಮಾಡಿಕೊಂಡಾಗ ಅದನ್ನೂ ಒರೆಸಿದ್ದಾಳೆ. ಮಾಡಿದವರು ಮೂಗು ಮುಚ್ಚಿಕೊಂಡು ಅವಳನ್ನೇ ನೋಡಿದ್ದರು, ಮಾಡಿದ್ದು ಇವಳೇ ಅನ್ನುವ ಹಾಗೆ. ಒರೆಸು ಅಂದರೆ ಸಾಕು, ಅವಳ ಕೈ ತಾನಾಗಿಯೇ ಬಟ್ಟೆ ಹಿಂಡುತ್ತಿತ್ತು. ಮನಸ್ಸಿನ ಅಪ್ಪಣೆ ಬೇಕಿರಲಿಲ್ಲ. ಇವತ್ತೂ ಹಿಂಡಿತ್ತು. ಹಿಂಡಿದ ಬಟ್ಟೆ ಕೈಯಲ್ಲೇ ಇತ್ತು.

"ಏನು ಹಾಗೆ ನೋಡ್ತಾ ನಿಂತೆ? ಹನ್ನೊಂದು ಗಂಟೆಗೆ ತನಿಖೆಯವರು ಬರ್ತಾರೆ. ಅಷ್ಟರಲ್ಲಿ ಬಾಗಿಲು ಬೆಳ್ಳಗಾಗ್ಬೇಕು."

ಹಿಂದಿನ ಮೆಟ್ಟಿಲ ಸಾಲಿನ ಕಟ್ಟಕಡೆಯ ಬಾಗಿಲು ಅದು. ಕಬ್ಬಿಣದ್ದು. ಹಾಲಿನ ಬಣ್ಣ ಬಳಿದದ್ದು. ಅದರಾಚೆ ಹಿಂಬದಿಯ ಓಣಿ. ಈಚೆ ನೂರಾ ಹತ್ತು ಮೆಟ್ಟಿಲು. ಅಕ್ಕ ಎಣಿಸಿ ಕಲಿತದ್ದಲ್ಲ, ಬಗ್ಗಿ ಒರೆಸಿ ಕಲಿತದ್ದು. ಈಗ ಗೋಡೆಯೆಲ್ಲ ಕಪ್ಪು. ಬಾಗಿಲೂ ಕಪ್ಪು. ಆ ಕಪ್ಪಿನ ಮೇಲೆ ಕೈಗಳಿದ್ದವು.

ಎದೆಯ ಎತ್ತರದಲ್ಲಿ ಅಂಗೈ. ಒಂದರ ಮೇಲೊಂದು, ಮತ್ತೊಂದು, ಮಗದೊಂದು. ಕೆಲವು ಬಡಿದವು. ಕೆಲವು ಜಾರಿದವು. ಸೊಂಟದ ಎತ್ತರಕ್ಕೆ ಬರುವಾಗ ಅಂಗೈ ಇಲ್ಲ, ಬೆರಳಷ್ಟೇ. ನೆಲದ ಹತ್ತಿರ ಐದು ಗೀಟು. ಆ ಗೀಟಿನಲ್ಲಿ ಬಣ್ಣ ಕಿತ್ತು ಕಬ್ಬಿಣ ಕಾಣುತ್ತಿತ್ತು.

ಎಡಗೈಯ ಕಿರುಬೆರಳು ಎಲ್ಲ ಕಡೆಯೂ ಡೊಂಕಾಗಿತ್ತು.

* * *

ಆ ಬೆರಳು ಅಕ್ಕನ ಓರಗಿತ್ತಿಯದು. ಗಂಡನ ತಮ್ಮನ ಹೆಂಡತಿ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಮುರಿದದ್ದು, ಕೂಡಿಕೊಳ್ಳುವಾಗ ಹೊರಕ್ಕೆ ವಾಲಿ ಕೂಡಿಕೊಂಡಿತು. ಮಾತಾಡುವಾಗ ಆ ಬೆರಳನ್ನು ಎತ್ತಿ ಎತ್ತಿ ಆಡಿಸುತ್ತಿದ್ದಳು. ಅಂದರೆ ಆ ಬೆರಳು ಕೆಳಗಿಳಿದದ್ದೇ ಇಲ್ಲ. ಅವಳು ಮಾತು ನಿಲ್ಲಿಸಿದವಳೇ ಅಲ್ಲ.

ಮದುವೆಯಾಗಿ ಬಂದ ಮೂರನೇ ದಿನಕ್ಕೆ ಅತ್ತೆ ಹಣೆ ಬಡಿದುಕೊಂಡಿದ್ದರು. "ಸೊಸೆ ತಂದ್ಕೊಂಡೆ ಅಂದ್ಕೊಂಡ್ರೆ ರೇಡಿಯೋ ತಂದ್ಕೊಂಡೆನಲ್ಲೋ! ಆರಿಸೋಣ ಅಂದ್ರೆ ಗುಂಡೀನೇ ಇಲ್ಲ."

"ಇದೆ ಅತ್ತೆ, ನೀವು ಊಟ ಹಾಕಿ, ತಾನೇ ಆರುತ್ತೆ" ಅಂದಿದ್ದಳು ಹೊಸ ಸೊಸೆ.

ಅಂದಿನಿಂದ ರೇಡಿಯೋ ಅನ್ನುವುದೇ ಹೆಸರಾಯಿತು. ಹುಟ್ಟಿದಾಗ ಇಟ್ಟ ಹೆಸರು ಎಲ್ಲಿಗೆ ಹೋಯಿತೋ. ಗಂಡನೂ ರೇಡಿಯೋ ಅಂದ. ಕೇರಿಯೂ ರೇಡಿಯೋ ಅಂತು. ಅವಳ ಮಗಳಿಗೆ ಮಾತು ಬಂದಾಗ ಅದೂ ಒಂದೆರಡು ತಿಂಗಳು ಅಮ್ಮನನ್ನು ರೇಡಿಯೋ ಅಂತಲೇ ಕರೆಯಿತು.

ಅಕ್ಕನೇ ಅವಳನ್ನು ಕೆಲಸಕ್ಕೆ ಕರೆತಂದದ್ದು. ನಾಲ್ಕು ವರ್ಷದ ಹಿಂದೆ. ಅಕ್ಕ ಮಾತಿನವಳಲ್ಲ. ಒಬ್ಬಳೇ ಒರೆಸಿ ಒರೆಸಿ, ಸಂಜೆ ಮನೆಗೆ ಹೋದಾಗ ಬಾಯಿ ತೆರೆದರೆ ಧ್ವನಿಯೇ ಹೊರಡದ ದಿನಗಳಿದ್ದವು. ಜೊತೆಗೊಬ್ಬಳು ಇರಲಿ ಅನ್ನಿಸಿತು. ಅಷ್ಟೇ. ಅಷ್ಟಕ್ಕೇ ಕರೆತಂದಳು. ಈಗ ಅದನ್ನು ಹೇಗೆ ಹೊರಳಿಸಿ ನೋಡಿದರೂ ಅದು ಒಂದು ತಪ್ಪಿನ ಹಾಗೇ ಕಾಣುತ್ತದೆ.

ಮೊದಲ ದಿನವೇ ರೇಡಿಯೋ ಐದನೇ ಮಹಡಿಯ ಮೂಲೆಯ ಹಸಿರು ಬೋರ್ಡಿನ ಕೆಳಗೆ ನಿಂತುಬಿಟ್ಟಳು. ಬೋರ್ಡಿನಲ್ಲಿ ದೀಪ ಉರಿಯುತ್ತಿತ್ತು. ಒಂದು ಬಾಗಿಲು, ಅದರೊಳಗೆ ಕಾಲು ಚಾಚಿ ಓಡುವ ಒಬ್ಬ ಮನುಷ್ಯ, ಪಕ್ಕಕ್ಕೆ ಮೂರು ಅಕ್ಷರ.

"ಇವನ್ಯಾರಕ್ಕಾ? ಬೀಗದಣ್ಣನ್ನ ಕಂಡು ಓಡ್ತಿದ್ದಾನಾ?"

"ಬೆಂಕಿ ಗಿಂಕಿ ಬಿದ್ರೆ ಈ ಕಡೆ ಓಡ್ಬೇಕು ಅಂತ."

"ಅದೇನು ಬರ್ದಿರೋದು?"

ಅಕ್ಕನಿಗೆ ಓದು ಬಾರದು. ಆದರೆ ಆ ಒಂದು ಮಾತು ಬರುತ್ತಿತ್ತು. ವಾರಕ್ಕೊಮ್ಮೆ ಏಣಿ ಹತ್ತಿ ಆ ಬೋರ್ಡು ಒರೆಸಬೇಕು. ಯಾವಾಗಲೋ ಒಮ್ಮೆ ಒಬ್ಬಳು ಗುಮಾಸ್ತೆ ಹುಡುಗಿಯನ್ನು ಕೇಳಿ ತಿಳಿದುಕೊಂಡಿದ್ದಳು. ಆಮೇಲೆ ಪ್ರತಿ ವಾರ ಒಂದೊಂದೇ ಅಕ್ಷರವನ್ನು ಬಟ್ಟೆಯಿಂದ ತಿದ್ದಿದ ಹಾಗೆ ಒರೆಸುತ್ತಿದ್ದಳು. "ಅದು ಹೊ. ಅದು ರ. ಅದು ಗೆ. ಹೊರಗೆ."

ರೇಡಿಯೋ ಬಿದ್ದು ಬಿದ್ದು ನಕ್ಕಳು. "ಇದನ್ನ ಬೋರ್ಡಲ್ಲಿ ಬೇರೆ ಬರೀಬೇಕಾ ಅಕ್ಕಾ? ದಿನಾ ಬಾಯಲ್ಲೇ ಹೇಳ್ತಾರಲ್ಲ ನಮಗೆ. ಹೊರಗೆ ನಿಲ್ಲು. ಹೊರಗೆ ಕಾಯಿ. ಹೊರಗೆ ಹೋಗಿ ತಿನ್ನು."

ನಿಜವೇ. ಅವರು ಕಟ್ಟಡದ ಕೆಲಸಗಾರರಲ್ಲ. ಗುತ್ತಿಗೆಯವರ ಆಳುಗಳು. ಕಟ್ಟಡದವರ ಬಾಯಲ್ಲಿ ಅವರಿಗೆ ಇದ್ದ ಹೆಸರು ಒಂದೇ: ಹೊರಗಿನವರು. ಲಿಫ್ಟು ಅವರಿಗಲ್ಲ. ಮುಂದಿನ ಅಗಲವಾದ ಮೆಟ್ಟಿಲು ಒರೆಸುವುದಕ್ಕೆ ಮಾತ್ರ, ಹತ್ತಿ ಇಳಿಯುವುದಕ್ಕಲ್ಲ. ಹತ್ತಿ ಇಳಿಯಲು ಹಿಂದಿನ ಮೆಟ್ಟಿಲು. ಕುತ್ತಿಗೆಗೆ ಕಾರ್ಡು ಇಲ್ಲ. ಹದಿನೇಳು ಹೆಂಗಸರು, ಹದಿನೇಳು ಬಕೆಟ್ಟು. ಲೆಕ್ಕಕ್ಕೆ ಸಿಗುತ್ತಿದ್ದದ್ದು ಬಕೆಟ್ಟು.

ಆದರೂ ರೇಡಿಯೋಗೆ ಆ ಮೂರಕ್ಷರ ಬಹಳ ಇಷ್ಟವಾಯಿತು. ಅವಳು ಓದಿದ ಮೊದಲ ಮಾತು ಅದು. ಮನೆಗೆ ಹೋಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಓಡುವ ಮನುಷ್ಯನನ್ನೂ ಬರೆದಳು. ಅವನು ಕಪ್ಪೆಯ ಹಾಗೆ ಬಂದ. ಮಗಳಿಗೆ ಕಲಿಸಿದ್ದು ಅವಳೇ. ಶಾಲೆಗೆ ಸೇರಿಸುವ ಮೊದಲೇ ಆ ಹುಡುಗಿಗೆ ಒಂದು ಮಾತು ಓದಲು ಬರುತ್ತಿತ್ತು.

ತಿಂಗಳ ಹಿಂದೆ ಕಟ್ಟಡದಲ್ಲಿ ಬೆಂಕಿಯ ತಾಲೀಮು ನಡೆಯಿತು. ಗಂಟೆ ಹೊಡೆದರು. ಇನ್ನೂರ ಹನ್ನೆರಡು ಜನ ನಗುತ್ತ, ಚಹಾದ ಲೋಟ ಹಿಡಿದುಕೊಂಡೇ ಮುಂದಿನ ಮೆಟ್ಟಿಲಿಂದ ಇಳಿದರು. ಅಂಗಳದಲ್ಲಿ ಸಾಲಾಗಿ ನಿಂತರು. ಒಬ್ಬಾತ ಕಾರ್ಡು ನೋಡಿ ನೋಡಿ ಲೆಕ್ಕ ಹಾಕಿದ. ಅಕ್ಕ, ರೇಡಿಯೋ ಕೂಡ ಬಕೆಟ್ಟು ಬಿಟ್ಟು ಹೊರಟಿದ್ದರು. ಬೀಗದಣ್ಣ ತಡೆದ. "ನೀವೆಲ್ಲಿ ಹೊರಟ್ರಿ ಮೆರವಣಿಗೆ? ಇದು ಸ್ಟಾಫಿಗೆ. ನಿಮ್ಮ ಕೆಲಸ ನೋಡ್ಕೊಳ್ಳಿ."

ಇನ್ನೂರ ಹನ್ನೆರಡು ಜೊತೆ ಚಪ್ಪಲಿ ತುಳಿದ ಮೆಟ್ಟಿಲನ್ನು ಆಮೇಲೆ ಅವರೇ ಒರೆಸಿದರು. ರೇಡಿಯೋ ಮಂಡಿಯೂರಿ ಒರೆಸುತ್ತ ಕೇಳಿದಳು, "ಅಕ್ಕಾ, ಬೆಂಕಿಗೆ ಓದೋಕೆ ಬರುತ್ತಾ?"

"ಯಾಕೆ?"

"ಕಾರ್ಡು ನೋಡಿ ಸುಡುತ್ತೇನೋ ಅಂತ."

ಅಕ್ಕನಿಗೂ ನಗು ಬಂತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಜೋರಾಗಿ ನಗುವುದಕ್ಕೂ ಹೊರಗೇ ಹೋಗಬೇಕಿತ್ತು.

* * *

ಬೀಗದಣ್ಣ ಗುತ್ತಿಗೆಯವರ ಮೇಸ್ತ್ರಿ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಅವನು ಬರುವ ಮೊದಲು ಅದು ಬರುತ್ತಿತ್ತು, ಝಲ್ ಝಲ್ ಅಂತ. "ಹಸುವಿನ ಕೊರಳಿಗೆ ಗಂಟೆ ಯಾಕೆ ಕಟ್ತಾರೆ ಗೊತ್ತಾ? ತಪ್ಪಿಸ್ಕೋಬಾರ್ದು ಅಂತ. ಇವನಿಗೆ ಯಾಕೆ ಕಟ್ಟಿದ್ದಾರೆ ಅಂದ್ರೆ, ನಾವು ತಪ್ಪಿಸ್ಕೊಳ್ಲಿ ಅಂತ" ಅನ್ನುತ್ತಿದ್ದಳು ರೇಡಿಯೋ.

ಮಧ್ಯಾಹ್ನ ಹೆಂಗಸರೆಲ್ಲ ಹಿಂದಿನ ಮೆಟ್ಟಿಲಿನ ಕೊನೆಯ ಮೆಟ್ಟಿಲುಗಳ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಓಣಿಯ ಬಾಗಿಲು ತೆರೆದಿಟ್ಟರೆ ಒಂದಿಷ್ಟು ಗಾಳಿ, ಒಂದಿಷ್ಟು ಬೆಳಕು. ಹತ್ತೇ ನಿಮಿಷ. ಯಾರೋ ಕಾಲು ನೀಡುತ್ತಿದ್ದಳು, ಯಾರೋ ಇನ್ನೊಬ್ಬಳ ಬೆನ್ನು ಒತ್ತುತ್ತಿದ್ದಳು. ಒಂದು ದಿನ ಕಟ್ಟಡ ನೋಡಲು ಬಂದ ಅತಿಥಿಗಳ ಕಾರು ದಾರಿ ತಪ್ಪಿ ಆ ಓಣಿಗೆ ನುಗ್ಗಿತು. ಕಾಲು ನೀಡಿ ಕೂತ ಹೆಂಗಸರನ್ನು ಅವರು ನೋಡಿದರು. ನೋಡಿದ್ದು ಚೆನ್ನಾಗಿ ಕಾಣಲಿಲ್ಲ ಅಂದರಂತೆ.

ಮರುದಿನ ಓಣಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಂತು. ಚಿಲಕಕ್ಕೆ ಬೀಗ ಬಂತು. ಒಂದೇ ಮೆಟ್ಟಿಲ ಸಾಲು, ಮೇಲಿನ ಐದು ಮಹಡಿಯಲ್ಲೂ ಹಸಿರು ದೀಪ ಉರಿದು ಈ ಕಡೆ ಬನ್ನಿ, ಈ ಕಡೆ ಬನ್ನಿ ಅನ್ನುತ್ತಿತ್ತು. ಕೆಳಗೆ ಬೀಗ.

ಆ ದಿನ ರೇಡಿಯೋ ರಜೆಯಲ್ಲಿದ್ದಳು. ಮಗಳಿಗೆ ಜ್ವರ. ನಾಲ್ಕು ದಿನ ಬರಲಿಲ್ಲ. ಅವಳ ಐದನೇ ಮಹಡಿಯನ್ನೂ ಅಕ್ಕನೇ ಒರೆಸಿದಳು, ತನ್ನ ಎರಡು ಮಹಡಿಯ ಜೊತೆಗೆ. ಸಂಜೆ ಹೊತ್ತಿಗೆ ಹೆಗಲು ಹೆಗಲ ಜಾಗದಲ್ಲಿ ಇರುತ್ತಿರಲಿಲ್ಲ. ಮನೆಯಲ್ಲಿ ಜ್ವರದ ಕೂಸು, ಔಷಧಿ, ಅತ್ತೆಯ ಗೊಣಗಾಟ. ಬೀಗದ ಮಾತು ಯಾರಿಗೆ ನೆನಪಾಗಬೇಕು? ಅವರಿಗೆ ಬಾಗಿಲು ಮುಚ್ಚುವುದೇನು ಹೊಸ ಸುದ್ದಿಯಾಗಿರಲಿಲ್ಲ.

ಐದನೇ ದಿನ ರೇಡಿಯೋ ಬಂದಳು, ಮಗಳನ್ನು ಡಾಕ್ಟರಿಗೆ ತೋರಿಸಿ, ಬುತ್ತಿಯ ಹೊತ್ತು ಕಳೆದ ಮೇಲೆ. ಬರುವಾಗಲೇ ಹಚ್ಚಿಕೊಂಡು ಬಂದಳು. ಮಗಳು ಡಾಕ್ಟರಿಗೆ ನಾಲಿಗೆ ತೋರಿಸು ಅಂದರೆ ಅಣಕಿಸಿದಳಂತೆ. ಡಾಕ್ಟರೂ ಅಣಕಿಸಿದನಂತೆ. ಅದನ್ನು ಮೂರು ಸಲ ಹೇಳಿದಳು. ನಾಲ್ಕನೇ ಸಲ ಶುರು ಮಾಡಿದಾಗ, ನಾಲ್ಕು ದಿನದ ಹೆಗಲು ನೋವು ಅಕ್ಕನ ಬಾಯಿಗೆ ಬಂತು.

"ಆ ಬಾಯಿಗೆ ಒಂದು ಬೀಗ ಹಾಕ್ಕೊಳ್ಳೇ ಮಾರಾಯ್ತಿ! ತಲೆ ಸಿಡೀತಿದೆ."

ಬೀಗ ಅಂದಳು. ಬೀಗ ಅನ್ನುವ ಮಾತೇ ನಾಲಿಗೆಗೆ ಬಂತು. ಬೀಗ ನೆನಪಾಗಲಿಲ್ಲ.

ರೇಡಿಯೋ ಕೋಪಿಸಿಕೊಳ್ಳಲಿಲ್ಲ. ಕಣ್ಣರಳಿಸಿ, ತುಟಿ ಒತ್ತಿ, ಡೊಂಕು ಬೆರಳಿನಿಂದ ತುಟಿಗೆ ಬೀಗ ತಿರುವಿದಳು. ಆ ಬೀಗದ ಕೈಯನ್ನು ಅಕ್ಕನ ಬಕೆಟ್ಟಿಗೆ ಎಸೆದಳು. ಬಕೆಟ್ಟು ಎತ್ತಿಕೊಂಡು ಹಿಂದಿನ ಮೆಟ್ಟಿಲು ಹತ್ತಿ ಹೋದಳು. ಹತ್ತಿ ಹೋಗುವಾಗ ಹಿಂದಿನಿಂದ ಅವಳ ಹಿಮ್ಮಡಿ ಕಂಡದ್ದು ಅಕ್ಕನಿಗೆ ನೆನಪಿದೆ. ಒಡೆದ ಹಿಮ್ಮಡಿ. ಒದ್ದೆ.

ಮೂರು ಗಂಟೆಗೆ ಒಂದನೇ ಮಹಡಿಯ ಕಡತದ ಕೋಣೆಯಲ್ಲಿ ಬೆಂಕಿ ಹತ್ತಿತು. ಅಕ್ಕ ಮುಂದಿನ ಜಗಲಿ ತೊಳೆಯುತ್ತಿದ್ದಳು. ಗಂಟೆ ಹೊಡೆಯಿತು. ಇನ್ನೂರ ಹನ್ನೆರಡು ಜನ ಮುಂದಿನ ಮೆಟ್ಟಿಲಿಂದ ಇಳಿದರು, ಈ ಸಲ ನಗದೆ. ಅಂಗಳದಲ್ಲಿ ನಿಂತರು. ಕಾರ್ಡು ನೋಡಿ ಲೆಕ್ಕ ಹಾಕಿದರು. "ಲೆಕ್ಕ ಸರಿ ಇದೆ! ಎಲ್ಲಾ ಹೊರಗಿದ್ದಾರೆ!" ಅಂತ ಒಬ್ಬಾತ ಕೂಗಿದ. ಆಗತಾನೇ ಬಂದ ಅಗ್ನಿಶಾಮಕದವರಿಗೂ ಅದನ್ನೇ ಹೇಳಿದ.

ಅಕ್ಕ ಹೆಂಗಸರನ್ನು ಎಣಿಸಿದಳು. ಹದಿನಾರು. ಮತ್ತೆ ಎಣಿಸಿದಳು.

"ರೇಡಿಯೋ" ಅಂದಳು. ಆಮೇಲೆ ಕೂಗಿದಳು. "ರೇಡಿಯೋ ಒಳಗೆ! ಅಯ್ಯೋ, ನಮ್ಮ ರೇಡಿಯೋ ಒಳಗೆ!"

ಅಗ್ನಿಶಾಮಕದ ಟೊಪ್ಪಿಗೆಯವನೊಬ್ಬ ಅವಳ ರಟ್ಟೆ ಹಿಡಿದು ಹಿಂದೆ ತಳ್ಳಿದ. "ಅಮ್ಮಾ, ರೇಡಿಯೋ ಹೋದ್ರೆ ಇನ್ನೊಂದು ಬರುತ್ತೆ. ಜೀವ ದೊಡ್ದು. ಹಿಂದೆ ಸರಿ."

"ರೇಡಿಯೋ! ರೇಡಿಯೋ ಒಳಗೆ!"

"ಈ ಹೆಂಗಸ್ರಿಗೆ ಬೆಂಕಿ ಬಿದ್ರೂ ಸಾಮಾನಿನ ಚಿಂತೆ" ಅಂದ ಯಾರೋ.

ಅಕ್ಕನ ಬಾಯಿಗೆ ಬೇರೆ ಹೆಸರು ಬರಲಿಲ್ಲ. ಎಂಟು ವರ್ಷ ಒಂದೇ ಒಲೆಯ ಮುಂದೆ ಕೂತವಳು. ಹೆರಿಗೆಯಲ್ಲಿ ಕೈ ಹಿಡಿದುಕೊಂಡವಳು. ಅವಳ ಹೆಸರು ಅಕ್ಕನಿಗೆ ಗೊತ್ತಿತ್ತು. ಹುಡುಕಿದಳು. ಸಿಗಲಿಲ್ಲ. ಆ ಹೆಸರು ಹುಡುಕುತ್ತ ಎಷ್ಟು ಹೊತ್ತು ಹೋಯಿತು? ಈಗಲೂ ಅಕ್ಕ ಲೆಕ್ಕ ಹಾಕುತ್ತಾಳೆ. ಒಂದು ಕೋಣೆ ಒರೆಸುವಷ್ಟು ಹೊತ್ತು. ಇಲ್ಲ, ಅದಕ್ಕಿಂತ ಹೆಚ್ಚು.

"ನನ್ನ ಓರಗಿತ್ತಿ! ಮನುಷ್ಯಳು! ಮನುಷ್ಯಳಪ್ಪಾ ಅವಳು!"

ಆಗ ಅವರು ಓಡಿದರು.

ಒಂದನೇ ಮಹಡಿಯಲ್ಲಿ ಮೆಟ್ಟಿಲಿಗೆ ತೆರೆಯುವ ಬಾಗಿಲನ್ನು ಹಳೆಯ ಕಡತದ ಪೆಟ್ಟಿಗೆ ಅಡ್ಡವಿಟ್ಟು ತೆರೆದೇ ಬಿಟ್ಟಿದ್ದರು. ಹೊಗೆಯೆಲ್ಲ ಹಿಂದಿನ ಮೆಟ್ಟಿಲಿಗೆ ನುಗ್ಗಿತ್ತು. ರೇಡಿಯೋ ಆ ಹೊಗೆಯನ್ನು ದಾಟಿಯೇ ಕೆಳಗೆ ಬಂದಿದ್ದಳು. ನೂರಾ ಹತ್ತು ಮೆಟ್ಟಿಲು, ಕಣ್ಣು ಮುಚ್ಚಿಕೊಂಡೇ ಇಳಿದಿರಬೇಕು. ಅವಳಿಗೂ ಆ ಮೆಟ್ಟಿಲು ಗೊತ್ತಿದ್ದದ್ದು ಕೈಯಿಂದ. ಬಾಗಿಲ ತನಕ ಬಂದಿದ್ದಳು. ಮತ್ತೆ ಮೇಲೆ ಹೋಗುವ ಹಾಗಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಅವಳನ್ನು ಎತ್ತಿಕೊಂಡವರು ಬಂದ ದಾರಿಯಲ್ಲೇ ಮೇಲೆ ಹತ್ತಿ ಮುಂದಿನಿಂದ ಹೊರಬಂದರು. ಬಾಗಿಲು ನೋಡುತ್ತ ನಿಲ್ಲುವ ಹೊತ್ತಲ್ಲ ಅದು.

ಮುಂದಿನ ಮೆಟ್ಟಿಲಿಂದ ರೇಡಿಯೋ ಇಳಿದದ್ದು ಅದೇ ಮೊದಲ ಸಲ.

ಸಂಜೆ ಅಂಗಳದಲ್ಲಿ ಯಾರೋ ಫೋನಿನಲ್ಲಿ ಹೇಳುತ್ತಿದ್ದರು: "ಇಲ್ಲ ಇಲ್ಲ, ದೇವರು ದೊಡ್ಡೋನು. ನಮ್ಮವರಿಗೆ ಯಾರಿಗೂ ಏನೂ ಆಗಿಲ್ಲ. ಹೊರಗಿನವರು ಒಬ್ಬರು."

* * *

ಮನೆಯಲ್ಲಿ ಸದ್ದಿರಲಿಲ್ಲ. ಇಷ್ಟು ವರ್ಷ ಆರಿಸೋದಕ್ಕೆ ಗುಂಡಿ ಹುಡುಕಿದ ಅತ್ತೆ ಈಗ ಸುಮ್ಮನೆ ಕೂತು ಬಾಗಿಲ ಕಡೆ ಕಿವಿ ಕೊಡುತ್ತಿದ್ದರು. ಮೈದುನ ಗೋಡೆಗೆ ಮುಖ ಮಾಡಿ ಮಲಗಿದವನು ತಿರುಗಲೇ ಇಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಕಪ್ಪೆ ಓಡುತ್ತಲೇ ಇತ್ತು.

ನಾಲ್ಕನೇ ದಿನ ಹುಡುಗಿ ಅಕ್ಕನ ಹತ್ತಿರ ಬಂದು ನಿಂತಳು.

"ದೊಡ್ಡಮ್ಮಾ, ಅಮ್ಮಂಗೆ ಹೊರಗೆ ಅಂತ ಓದೋಕೆ ಬರ್ತಿತ್ತಲ್ಲಾ?"

"ಬರ್ತಿತ್ತು ಕೂಸೇ."

"ಮತ್ತೆ ಯಾಕೆ ಬರ್ಲಿಲ್ಲ?"

ಅಕ್ಕ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ತಲೆ ಬಾಚಿದಳು. ಬಾಚಿದ ತಲೆಯನ್ನೇ ಮತ್ತೆ ಬಾಚಿದಳು. ನಾನು ಹೇಳಲಿಲ್ಲ ಕಣೇ, ಅಂತ ಹೇಳಲು ಬಾಯಿ ತೆರೆದಳು. ಧ್ವನಿ ಹೊರಡಲಿಲ್ಲ.

ಅದರ ಮರುದಿನ ಬೆಳಿಗ್ಗೆ, ಅಂದರೆ ಇವತ್ತು, ಮ್ಯಾನೇಜರ್ ಮೇಡಂ ಕರೆಸಿದರು. ಹನ್ನೊಂದು ವರ್ಷದಲ್ಲಿ ಅಕ್ಕ ಆ ಕೋಣೆಯಲ್ಲಿ ಕೂತಿರಲಿಲ್ಲ. ಆ ಕುರ್ಚಿಯನ್ನು ಒರೆಸಿದ್ದಳು, ಕೂತಿರಲಿಲ್ಲ. ಮೇಡಂ ಕೂರಿಸಿದರು. ನೀರು ಕೊಟ್ಟರು. ಹೆಗಲ ಮೇಲೆ ಕೈ ಇಟ್ಟರು. ಮೆತ್ತಗಿನ ಕೈ.

"ನೋಡಮ್ಮಾ, ನಂಗೂ ಮಕ್ಕಳಿದ್ದಾರೆ. ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ."

ಆಗಬಹುದು ಅಂದುಕೊಂಡಳು ಅಕ್ಕ. ಮೇಡಂ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಗಾಬರೀಲಿ ಪಾಪ, ದಾರಿ ತಪ್ಪಿಬಿಟ್ಳು. ಎಲ್ಲರೂ ಮುಂದಿನಿಂದ ಬಂದ್ರು, ಅವಳೊಬ್ಳು ಹಿಂದೆ ಹೋದ್ಳು. ಆ ಬಾಗಿಲು ಸ್ವಲ್ಪ ಬಿಗಿ, ಅಷ್ಟೆ. ಬೀಗ ಗೀಗ ಏನೂ ಇರ್ಲಿಲ್ಲ. ಯಾರಾದ್ರೂ ಕೇಳಿದ್ರೆ ನೀನು ಇಷ್ಟು ಹೇಳಿದ್ರೆ ಸಾಕು."

ಅಕ್ಕ ನೀರಿನ ಲೋಟವನ್ನೇ ನೋಡುತ್ತಿದ್ದಳು.

"ನಿನ್ನನ್ನ ಇನ್ಮೇಲೆ ಒಳಗೆ ತಗೋತೀವಿ. ಗುತ್ತಿಗೆ ಬೇಡ. ಕಾರ್ಡು ಮಾಡಿಸ್ತೀನಿ, ಫೋಟೋ ಹಾಕಿ. ನೀನು ನಮ್ಮೋಳು."

ಇಷ್ಟು ವರ್ಷ ಆ ಮಾತಿಗೆ ಕಾದಿದ್ದಳು. ಸುಳ್ಳು ಹೇಳಬಾರದು, ಆಸೆಯಾಯಿತು. ಒಂದು ಗಳಿಗೆ ತನ್ನ ಕುತ್ತಿಗೆಯಲ್ಲಿ ಕಾರ್ಡು ತೂಗಿದ್ದು ಕಂಡಿತು. ಮನೆಯಲ್ಲಿ ಈಗ ಕೆಲಸಕ್ಕೆ ಹೋಗುವ ಹೆಂಗಸು ತಾನೊಬ್ಬಳೇ ಅನ್ನುವುದೂ ಕಂಡಿತು. ನಾಚಿಕೆಯಾಯಿತು. ಎದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅನ್ನಲು ಅವಳಿಗೆ ಅಭ್ಯಾಸವಿರಲಿಲ್ಲ. ಹೊರಬಂದರೆ ಬೀಗದಣ್ಣ ಬಕೆಟ್ಟು, ಬಟ್ಟೆ ಹಿಡಿದು ಕಾಯುತ್ತಿದ್ದ.

* * *

"ಒರೆಸು ಅಂದ್ರೆ ಕೇಳಿಸ್ತಿಲ್ವಾ? ಇನ್ನಿಬ್ಬರನ್ನ ಕಳಿಸಿದ್ದೆ. ಒಬ್ಳು ಕೂತು ಅತ್ಳು, ಇನ್ನೊಬ್ಳು ಓಡಿಹೋದ್ಳು. ಹಳಬಳು, ನೀನಾದ್ರೂ ಮಾಡ್ತೀಯ ಅಂತ ಕರ್ದೆ."

"ನೀನೇ ಒರೆಸಣ್ಣ."

"ಏನಂದೆ?"

"ಬಟ್ಟೆ ಇಲ್ಲಿದೆ. ನೀರು ಇಲ್ಲಿದೆ. ನೀನೇ ಒರೆಸು."

ಬೀಗದಣ್ಣ ಬಾಗಿಲ ಕಡೆ ನೋಡಿದ. ಅವನ ಕೈ ಬಟ್ಟೆಯ ಕಡೆ ಒಂದಿಷ್ಟು ಚಾಚಿತು. ಗೀಟು ನೋಡಿದ. ಕೈ ವಾಪಸು ಸೊಂಟಕ್ಕೆ ಹೋಯಿತು, ಗೊಂಚಲಿಗೆ.

"ಮೇಡಂ ಏನು ಹೇಳಿದ್ರು ನಿಂಗೆ? ತಲೇಲಿ ಇದ್ಯಾ?"

"ಇದೆ. ದಾರಿ ತಪ್ಪಿದ್ಳು ಅಂದ್ರು. ನಮ್ಮ ಮನೆ ಸೊಸೆ ದಾರಿ ತಪ್ಪಿದವಳು ಅಂತ ಬರೀತೀರಾ? ನಾಳೆ ಅವಳ ಮಗಳು ಅದನ್ನ ಓದ್ಬೇಕಾ? ಅವಳು ದಾರಿ ತಪ್ಪಿಲ್ಲ ಅಣ್ಣ. ಬೋರ್ಡು ತೋರಿಸಿದ ದಾರೀಲೇ ಹೋದ್ಳು. ಓದು ಬಾರದವಳು ನಿಮ್ಮ ಬೋರ್ಡು ಓದಿ, ನಂಬಿ ಹೋದ್ಳು."

ಇಷ್ಟುದ್ದ ಮಾತನ್ನು ಅಕ್ಕ ಈ ಕಟ್ಟಡದಲ್ಲಿ ಆಡಿರಲಿಲ್ಲ. ತನ್ನ ಧ್ವನಿ ತನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಗಂಟಲಲ್ಲಿ ಯಾರೋ ಗುಂಡಿ ತಿರುವಿದ ಹಾಗೆ.

ಬೀಗದಣ್ಣ ಹತ್ತಿರ ಬಂದ. ಧ್ವನಿ ತಗ್ಗಿಸಿದ. "ದೊಡ್ಡದಾಗಿ ಮಾತಾಡ್ಬೇಡ. ಬೀಗ ಹಾಕಿದ್ದು ನಿಂಗೆ ಗೊತ್ತಿತ್ತಾ ಇಲ್ವಾ? ಗೊತ್ತಿದ್ದೂ ಅವಳಿಗೆ ಹೇಳದೇ ಇದ್ದೋಳು ಯಾರು? ಕೊಂದೋಳು ಯಾರು ಹಾಗಾದ್ರೆ? ಹೇಳ್ಲಾ ನಿನ್ನ ಅತ್ತೆ ಮುಂದೆ?"

ಐದು ದಿನದಿಂದ ಅಕ್ಕ ತನ್ನೊಳಗೆ ಕೇಳಿಕೊಂಡದ್ದೇ ಅದು. ಒಲೆಯ ಮುಂದೆ ಕೇಳಿಕೊಂಡಿದ್ದಳು. ಕೂಸಿನ ತಲೆ ಬಾಚುವಾಗ ಕೇಳಿಕೊಂಡಿದ್ದಳು. ಹೊಟ್ಟೆಯಲ್ಲಿದ್ದ ಚಾಕುವನ್ನೇ ಅವನು ಎಳೆದು ಅವಳಿಗೆ ತೋರಿಸಿದ. ತೋರಿಸಿದ ಮೇಲೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ.

"ಬೀಗ ಇತ್ತಾ?" ಅಂತ ಕೇಳಿದಳು.

ಅವನು ಸೊಂಟದ ಗೊಂಚಲನ್ನು ಒತ್ತಿ ಹಿಡಿದುಕೊಂಡ.

"ಇರ್ಲೇ ಇಲ್ಲ ಅಂತ ಮೇಡಂ ಹೇಳಿದ್ರು. ಇಲ್ಲದ ಬೀಗದ ವಿಷಯ ನಾನು ಅವಳಿಗೆ ಹೇಗೆ ಹೇಳ್ಲಿ ಅಣ್ಣ?"

"ಏಯ್..."

"ಹೇಳು. ನಮ್ಮತ್ತೆ ಮುಂದೆ ಹೇಳು, ತನಿಖೆಯವರ ಮುಂದೆ ಹೇಳು. ನಾನೂ ಹೇಳ್ತೀನಿ. ಬೀಗ ಇತ್ತು. ನಂಗೆ ಗೊತ್ತಿತ್ತು. ಅವಳಿಗೆ ಹೇಳ್ಲಿಲ್ಲ. ಬಾಯಿ ಮುಚ್ಚು ಅಂದೆ. ನನ್ನ ಪಾಲು ನಾನು ಹೊರ್ತೀನಿ, ಸಾಯೋವರೆಗೂ ಹೊರ್ತೀನಿ. ನಿಮ್ಮ ಪಾಲನ್ನ ನನ್ನ ತಲೆ ಮೇಲೆ ಇಡ್ಬೇಡಿ. ಅಲ್ಲಿ ಜಾಗ ಇಲ್ಲ."

ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಬಕೆಟ್ಟನ್ನು ಕಾಲಿನಿಂದ ದೂರ ಸರಿಸಿದಳು.

"ಒರೆಸಲ್ಲ."

ಆಮೇಲೆ ಕೊನೆಯ ಮೆಟ್ಟಿಲ ಮೇಲೆ ಕೂತಳು. ಹದಿನೇಳು ಹೆಂಗಸರು ಬುತ್ತಿ ಬಿಚ್ಚುತ್ತಿದ್ದ ಮೆಟ್ಟಿಲು ಅದು. ಕೂರಬಾರದು ಅಂತ ಬೀಗ ಬಿದ್ದ ಮೆಟ್ಟಿಲು. ಕಾಲು ನೀಡಿದಳು.

ಮೇಲೆಲ್ಲೋ ಮೇಡಮ್ಮಿನ ಚಪ್ಪಲಿಯ ಹಿಮ್ಮಡಿ ಟಕ್ ಟಕ್ ಅಂದಿತು. "ಆಯ್ತಾ?" ಅಂತ ಧ್ವನಿ ಬಂತು. ಮುಂದಿನ ಗೇಟಿನಲ್ಲಿ ಕಾರು ನಿಂತ ಸದ್ದು ಬಂತು. ಬೀಗದಣ್ಣನ ಮುಖ ಬೆವರಿತು.

"ಏಳು. ಏಳೇ ಮೇಲೆ! ನಿನ್ನ ಕೆಲಸ ಇವತ್ತಿಗೆ ಮುಗೀತು. ಹೊರಗೆ ಹೋಗು!"

ಅಕ್ಕ ಏಳಲಿಲ್ಲ.

"ಹೊರಗೆ ಹೋಗು ಅಂದ್ರೆ!"

ಅವನು ಬಾಗಿಲಿಗೆ ಒದ್ದ. ಬೀಗ ಈಗ ಇರಲಿಲ್ಲ. ಬೆಂಕಿಯ ಸಂಜೆಯೇ ಅದನ್ನು ತೆಗೆದಿದ್ದ. ಚಿಲಕವನ್ನೂ ಬಿಚ್ಚಿ, ತೂತುಗಳಿಗೆ ಬಣ್ಣ ಮೆತ್ತಿದ್ದ. ಐದು ದಿನದ ಹಿಂದೆ ಎರಡು ಕೈ ಸೇರಿ ತೆರೆಯಲಾಗದ ಬಾಗಿಲು ಒಂದೇ ಒದೆತಕ್ಕೆ ಹೊರಕ್ಕೆ ಹಾರಿತು. ಪೂರ್ತಿ ತಿರುಗಿ, ಹೊರಗೋಡೆಗೆ ಬಡಿದು, ಅಲ್ಲಿಗೇ ಅಂಟಿ ನಿಂತಿತು.

ಓಣಿಯ ಬಿಸಿಲು ಮೆಟ್ಟಿಲ ಮೇಲೆ ಬಿತ್ತು. ಅಕ್ಕನ ಕಾಲಿನ ಮೇಲೂ ಬಿತ್ತು.

ಓಣಿಯಲ್ಲಿ ಉಳಿದ ಹೆಂಗಸರು ನಿಂತಿದ್ದರು, ಬಕೆಟ್ಟುಗಳ ಜೊತೆ. ತನಿಖೆಯವರು ಹೋಗುವ ತನಕ ಕಣ್ಣಿಗೆ ಬೀಳಬೇಡಿ, ಹೊರಗಿರಿ ಅಂತ ಬೀಗದಣ್ಣನೇ ಅವರನ್ನು ಅಲ್ಲಿ ನಿಲ್ಲಿಸಿದ್ದ. ಸದ್ದಿಗೆ ತಿರುಗಿ ನೋಡಿದರು. ಬಾಗಿಲಿನ ಒಳಮೈ ಈಗ ಓಣಿಯ ಕಡೆಗಿತ್ತು. ನಡು ಬಿಸಿಲಿನಲ್ಲಿ. ಕಪ್ಪಿನ ಮೇಲೆ ಕೈ. ಕೈಯ ಮೇಲೆ ಕೈ.

ಒಬ್ಬಳು ಹತ್ತಿರ ಬಂದಳು. ಮುಟ್ಟಲಿಲ್ಲ. ತನ್ನ ಎಡಗೈ ಎತ್ತಿ, ಕಿರುಬೆರಳನ್ನು ಹೊರಕ್ಕೆ ವಾಲಿಸಿ ನೋಡಿದಳು.

"ನಮ್ಮ ರೇಡಿಯೋ" ಅಂದಳು.

ಬೀಗದಣ್ಣ ಬಾಗಿಲು ಎಳೆಯಲು ಓಡಿದ. ಎಳೆಯಲಾಗಲಿಲ್ಲ. ಬಾಗಿಲ ಅಂಚಿಗೆ ಯಾರೋ ಬಕೆಟ್ಟು ಇಟ್ಟಿದ್ದರು. ಇನ್ನೊಬ್ಬಳು ಇನ್ನೊಂದು ಇಟ್ಟಳು. ನೀರು ತುಂಬಿದ ಬಕೆಟ್ಟು, ಒಂದರ ಪಕ್ಕ ಒಂದು. ಅವನ ಗೊಂಚಲು ಝಲ್ ಝಲ್ ಅನ್ನುತ್ತಲೇ ಇತ್ತು. ಹೆಂಗಸರು ಸರಿಯಲಿಲ್ಲ. ಓಣಿಯ ತುದಿಯಲ್ಲಿ ಹೋಗುತ್ತಿದ್ದವರು ನಿಂತರು. ಏನದು ಅಂತ ಒಳಗೆ ಬಂದರು.

ಅಕ್ಕ ಮೆಟ್ಟಿಲ ಮೇಲೇ ಕೂತಿದ್ದಳು. ಅಲ್ಲಿಂದ ಅವಳಿಗೆ ಬಾಗಿಲು ಕಾಣುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿದ್ದ ಮುಖಗಳು ಕಾಣುತ್ತಿದ್ದವು.

ಹೆಸರು ನೆನಪಾಯಿತು. ರೇಡಿಯೋ ಅಲ್ಲದ ಹೆಸರು, ಹುಟ್ಟಿದಾಗ ಇಟ್ಟದ್ದು. ಐದು ದಿನ ತಡವಾಗಿ.

ಅದನ್ನು ಹಿಡಿದು ಮೆಲ್ಲಗೆ ಕರೆದಳು. ಆಮೇಲೆ ಅಂದಳು:

"ಬಂದ್ಯಾ? ಬಾ. ಹೊರಗೆ ಬಾ."